ತುಪ್ಪ ತಿನ್ನುವ ಇಲಿಗಳ ಸಹವಾಸ

ಇಲಿ ಸಾಕುವವರ ಬದುಕಿನಲ್ಲಿ ನಗುವಿಗೇನೂ ಬರವಿಲ್ಲ. ಆ ಹೊತ್ತಿಗೆ ಮಾತ್ರ ನಗು ಬರುವುದಿಲ್ಲ, ಅಷ್ಟೆ. ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ನಾನು ಪಿಎಚ್‌ಡಿ ಮಾಡುತ್ತಿದ್ದೆ. ಜಿಡ್ಡು ತಿಂದು ಹಾಳಾಗುವ ಲಿವರನ್ನು ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಸಿಪ್ಪೆಯ ಆಂಟಿಆಕ್ಸಿಡೆಂಟ್ ಕಾಪಾಡುತ್ತದೆಯೇ ಎಂದು ಇಲಿಗಳಲ್ಲಿ ನೋಡುವುದು ನನ್ನ ಕೆಲಸ. ಸಿಪ್ಪೆ ಕಾರ್ಕಳದ ಕಡೆಯಿಂದ ಬರುತ್ತಿತ್ತು, ಜಿಡ್ಡು ನಾನೇ ತರಬೇಕಿತ್ತು.

ಅಂಗಡಿಯಲ್ಲಿ

ತುಪ್ಪ, ವನಸ್ಪತಿ, ಮೊಟ್ಟೆ ಎಲ್ಲ ಒಟ್ಟಿಗೆ ಕೇಳಿದ್ದಕ್ಕೆ ಅಂಗಡಿಯವರಿಗೆ ಖುಷಿಯಾಯಿತು.

"ಮನೆಯಲ್ಲಿ ಎಂತ ವಿಶೇಷ ಮೇಡಂ?"

"ವಿಶೇಷ ಎಂತದೂ ಇಲ್ಲ. ಇಲಿಗಳಿಗೆ."

ಅವರು ತುಪ್ಪದ ಡಬ್ಬಿಯನ್ನು ಮೆಲ್ಲ ಹಿಂದಕ್ಕೆ ಎಳೆದುಕೊಂಡರು. "ಕೊಲ್ಲಲಿಕ್ಕೆ ತುಪ್ಪ ಯಾಕೆ? ಪಾಷಾಣ ಉಂಟಲ್ಲ, ಕಡಿಮೆಯಲ್ಲಿ ಆಗ್ತದೆ."

"ಕೊಲ್ಲಲಿಕ್ಕಲ್ಲ. ಅವುಗಳ ಕೊಲೆಸ್ಟ್ರಾಲ್ ಏರಿಸಲಿಕ್ಕೆ."

"ನನ್ನದು ಏರಿ ಕೂತಿದೆ. ಡಾಕ್ಟ್ರು ತುಪ್ಪ ಮೂಸಲಿಕ್ಕೂ ಬಿಡುವುದಿಲ್ಲ" ಎಂದು ನಿಟ್ಟುಸಿರು ಬಿಟ್ಟವರು, ಡಬ್ಬಿಯನ್ನು ಚೀಲಕ್ಕೆ ಹಾಕುತ್ತಾ ಕೇಳಿದರು, "ನಿಮ್ಮಲ್ಲಿ ಇನ್ನೊಂದು ಇಲಿಗೆ ಜಾಗ ಉಂಟಾ?"

ಕಾಪುವಿನ ಮಾವ

ನನ್ನ ಸೋದರಮಾವನ ಲಿವರಿನಲ್ಲಿ ಕೊಬ್ಬು ತುಂಬಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ನನ್ನ ಸಂಶೋಧನೆಯ ಸುದ್ದಿ ಕೇಳಿದ್ದೇ ತಡ, ಡಾಕ್ಟ್ರ ಮಾತಿಗೆ ನಿಂತಿದ್ದ ಕೋಳಿ ಸುಕ್ಕದ ಊಟ ಪುನಃ ಶುರುವಾಯಿತು. ಪಕ್ಕದಲ್ಲಿ ಒಂದು ಲೋಟ ಪುನರ್ಪುಳಿ ಶರಬತ್ತು ಮಾತ್ರ ಹೊಸತು. ಅತ್ತೆ ಫೋನು ಮಾಡಿ ಅತ್ತರು.

"ಅದು ಇನ್ನೂ ಇಲಿಗಳಲ್ಲೇ ಸಾಬೀತಾಗಿಲ್ಲ ಮಾವ" ಎಂದು ಬುದ್ಧಿ ಹೇಳಲು ಹೋದೆ.

"ನಿನಗೆ ಸಹಾಯ ಆಗಲಿ ಅಂತ ಅಲ್ವಾ ನಾನು ತಿನ್ನುವುದು ಮಾರಾಯ್ತಿ. ಇಲಿ ಬಾಯಿಬಿಟ್ಟು ಹೇಳ್ತದಾ ಹೇಗುಂಟು ಅಂತ? ನಾನು ಹೇಳ್ತೇನೆ."

ಒಂದೇ ಸಾಲು

ನನ್ನ ಇಲಿಗಳಿಗೆ ಮೂರು ಗೂಡು. ಒಂದಕ್ಕೆ ಸಾದಾ ಊಟ, ಇನ್ನೊಂದಕ್ಕೆ ಬರೀ ಜಿಡ್ಡಿನ ಊಟ, ಮತ್ತೊಂದಕ್ಕೆ ಜಿಡ್ಡಿನ ಜೊತೆ ಪುನರ್ಪುಳಿ ನೀರು. ನೀರು ಬೆರೆಸಿಡುವುದು ನಾನು, ಬಾಟಲಿಗೆ ತುಂಬಿಸಿ ಗೂಡಿಗೆ ಸಿಕ್ಕಿಸುವುದು ಪ್ರಯೋಗಾಲಯದ ಸಹಾಯಕರು, ನಾವೆಲ್ಲ ಅಣ್ಣ ಎನ್ನುವ ಹಿರಿಯಡ್ಕ ಊರಿನವರು. ಈ ಕೆಲಸಕ್ಕೆ ಸೇರುವ ಮೊದಲು ಅವರು ಮದುವೆ ಊಟಗಳಲ್ಲಿ ಬಡಿಸುತ್ತಿದ್ದರು.

ಕೊನೆಗೆ ಪರೀಕ್ಷಿಸಿದರೆ, ಬರೀ ಜಿಡ್ಡು ತಿಂದವುಗಳ ಲಿವರೂ ಪುನರ್ಪುಳಿ ಕುಡಿದವುಗಳಷ್ಟೇ ಚೆನ್ನಾಗಿದೆ. ಇವೆರಡರಲ್ಲಿ ವ್ಯತ್ಯಾಸ ಕಾಣದಿದ್ದರೆ ನನ್ನ ಪ್ರಬಂಧವೇ ಇಲ್ಲ. ನನಗೆ ಅಳು ಬಂತು. ಗೈಡ್ ಸರ್ ಅಣ್ಣನನ್ನು ಕರೆಸಿದರು.

"ಆ ಕೆಂಪು ನೀರನ್ನು ಯಾವ ಗೂಡಿಗೆ ಇಡುತ್ತಿದ್ದಿರಿ?"

"ಎಲ್ಲದಕ್ಕೂ ಸರ್" ಎಂದರು ಅಣ್ಣ, ಏನೂ ಮುಚ್ಚಿಡದೆ. "ಒಂದೇ ಸಾಲಿನಲ್ಲಿ ಕೂತಿದ್ದಾವೆ. ಆಚೆಯವರಿಗೆ ಬಡಿಸಿ ಈಚೆಯವರನ್ನು ದಾಟಿ ಹೋಗಲಿಕ್ಕೆ ಉಂಟಾ? ಅವು ನನ್ನ ಮುಖ ನೋಡ್ತವೆ."

ಸರ್ ತುಂಬ ಹೊತ್ತು ಕನ್ನಡಕ ಒರೆಸಿದರು. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಬೈಯಲು ಬಾಯಿ ಬರಲಿಲ್ಲ, ಆ ಇಲಿಗಳಿಗಾಗಿ ಮರುಗಿದವರು ನಮ್ಮಲ್ಲಿ ಅವರೊಬ್ಬರೇ.

ಹೊಸ ಇಲಿಗಳು ಬಂದವು. ಸರ್ ಈ ಸಲ ಗೂಡುಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡಿಸಿದರು. ಎಲ್ಲ ಮೊದಲಿನಿಂದ ಶುರು, ಇನ್ನೊಮ್ಮೆ ಹೀಗಾದರೆ ನಾನು ಡಿಗ್ರಿಯ ಆಸೆ ಬಿಡಬೇಕು. ಹೆದರುತ್ತಲೇ ಕೇಳಿದೆ, "ಅಣ್ಣಾ, ಈ ಸಲ ಪಾಪ ಅಂತ ಕಂಡರೂ ಕೊಡುವುದಿಲ್ಲ ಅಲ್ವಾ?"

ಅಣ್ಣ ಜಿಡ್ಡಿನ ಇಲಿಗಳ ಕೋಣೆಯ ಬಾಗಿಲನ್ನು ಎಳೆದು ಹಾಕಿದರು. "ಇನ್ನು ತೊಂದರೆ ಇಲ್ಲ ಮೇಡಂ. ಈ ಕೋಣೆ ಅಂದರೆ ಬೇರೆಯವರ ಮದುವೆ. ಆಚೆ ಮನೆಯಲ್ಲಿ ಎಂತ ಬಡಿಸಿದ್ದಾರೆ ಅಂತ ಇವಕ್ಕೆ ಎಂತ ಗೊತ್ತು?"