ಓವನ್ನಿಗೆ ಕುಂಕುಮ

ಮೈಕ್ರೋವೇವ್ ಓವನ್ನಿನಲ್ಲಿ ದೀಪ ಉರಿಯುತ್ತಿತ್ತು, ತಟ್ಟೆ ತಿರುಗುತ್ತಿತ್ತು, ಸಾರು ಮಾತ್ರ ತಣ್ಣಗೇ ಇತ್ತು. ಕನಕಪುರದ ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾನಿರುವಾಗ ಮೆಕ್ಯಾನಿಕ್ ಯಾಕೆ? ಹೊಸ ಮಲ್ಟಿಮೀಟರ್ ಹಿಡಿದು ಹೆಂಡತಿ ಲಲಿತಾಳ ಎದುರು ಘೋಷಿಸಿದೆ: "ಒಳಗಿನ ವೋಲ್ಟೇಜನ್ನು ಈಗ ಅಳೆಯಲಾಗುವುದು!"

"ಯಾಕ್ರೀ ಬೇಕು? ಶಿವಣ್ಣನ್ನ ಕರೀತೀನಿ ಇರಿ."

ಶಿವಣ್ಣ ನಮ್ಮ ಬೀದಿಯ ಮೋಟಾರ್ ರಿಪೇರಿಯವನು, ನನ್ನ ಹಳೆಯ ವಿದ್ಯಾರ್ಥಿ. ಎರಡು ಸಲ ಡುಮ್ಕಿ ಹೊಡೆದವನು!

"ಅವನಿಗೆ ಪಾಠ ಹೇಳಿದವನೇ ನಾನು," ಎಂದೆ. ನನ್ನ ಮೇಲೆ ಅಪಾರ ನಂಬಿಕೆಯಿದ್ದ ಲಲಿತಾ ಆಗಲೇ ಅವನಿಗೆ ಫೋನ್ ಮಾಡಿಬಿಟ್ಟಿದ್ದಳು.

ಪ್ಲಗ್ ಕಿತ್ತೆ. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಕೆಪಾಸಿಟರ್ ಎಂಬ ಬೆಳ್ಳಿ ಬಣ್ಣದ ಡಬ್ಬಿ, ನೆತ್ತಿಯ ಮೇಲೆ ಎರಡು ಲೋಹದ ತುದಿ ಹೊತ್ತು, ಸಾಧುವಾಗಿ ಕೂತಿತ್ತು. ಮೀಟರಿನ ಕಡ್ಡಿ ಇಡಬೇಕೆನ್ನುವಷ್ಟರಲ್ಲಿ "ಒಸಿ ತಡೀರಿ!" ಎಂದು ಲಲಿತಾ ಕುಂಕುಮದ ಬಟ್ಟಲು ತಂದಳು. ಕೂಟಗಲ್ಲಿನ ರೈತರ ಮನೆಯವಳು. ಅವರಲ್ಲಿ ಬೋರ್‌ವೆಲ್ ಮೋಟಾರು ಬಿಚ್ಚಿದರೂ ಮೊದಲು ಕುಂಕುಮ, ಆಮೇಲೆ ಸ್ಪ್ಯಾನರ್.

"ಎಲ್ಲಿಗಿಡ್ಲಿ?"

ಡಬ್ಬಿಯ ನೆತ್ತಿ ತೋರಿಸಿದೆ. "ಅದಕ್ಕೇ ಇಡು. ಪ್ಲಗ್ ಕಿತ್ತಿದ್ದೀನಿ, ಧೈರ್ಯವಾಗಿ ಮುಟ್ಟು!"

ಅವಳು ಬೆರಳನ್ನು ನೀರಿಗದ್ದಿ, ಕುಂಕುಮ ಒತ್ತಿಕೊಂಡು ಬಗ್ಗಿದಳು.

"ಅಮ್ಮಾ, ಮುಟ್ಬ್ಯಾಡಿ!"

ಬಾಗಿಲಲ್ಲಿ ಶಿವಣ್ಣ! ಲಲಿತಾಳ ಬೆರಳು ಡಬ್ಬಿಯಿಂದ ಒಂದಿಂಚು ಮೇಲೆ ನಿಂತಿತು.

"ಪ್ಲಗ್ ಕಿತ್ರೂ ಅದ್ರೊಳಗೆ ಎರಡು ಸಾವಿರ ವೋಲ್ಟ್ ಕೂತಿರ್ತದೆ ಸಾರ್! ಮುಟ್ಟಿದ್ರೆ ಜೀವನೇ ಹೋಗ್ಬುಡ್ತದೆ. ನಿಮ್ ಮೀಟ್ರು ಎಷ್ಟು ವೋಲ್ಟ್ ಗಂಟ ತಡೀತದೆ?"

"ಆರುನೂರು," ಎಂದೆ.

"ಹಂಗಾರೆ ಮೀಟ್ರೂ ಸುಟ್ಟೋಗ್ತಿತ್ತು, ನೀವೂ ಹೋಗ್ಬುಡ್ತಿದ್ರಿ. ಇದನ್ನ ಈ ಮೀಟ್ರಲ್ಲಿ ಅಳಿಯಾಕೇ ಹೋಗ್ಬಾರ್ದು."

ಅವನು ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು, ಕರೆಂಟನ್ನು ಮೆಲ್ಲಗೆ ಇಳಿಸುವ ರೆಸಿಸ್ಟರ್ ಕಟ್ಟಿದ ಉದ್ದನೆಯ ಕೋಲನ್ನು ಡಬ್ಬಿಯ ಎರಡೂ ತುದಿಗೆ ಮುಟ್ಟಿಸಿದ. ಚಟ್! ಕಿಡಿ ಹಾರಿತು. ನಾನು ಗೋಡೆ ಹಿಡಿದುಕೊಂಡೆ. ಆ ಕಿಡಿ ಲಲಿತಾಳ ಬೆರಳಿಗೆ ಹಾರಬೇಕಿತ್ತು. ಮುಟ್ಟು ಎಂದವನು ನಾನು.

"ತಪ್ಪು ತಿಳ್ಕಬ್ಯಾಡಿ ಸಾರ್," ಎಂದ ಶಿವಣ್ಣ. "ಕೆಪಾಸಿಟರ್ ಅಂದ್ರೆ ಕರೆಂಟ್ ಕೂಡಿಟ್ಕಳದು ಅಂತ ಹೇಳ್ಕೊಟ್ಟೋರು ನೀವೇಯ. ನಂಗೆ ಬರ್ನಿಲ್ಲ ಅಂತ ಕ್ಲಾಸಿಂದ ಆಚೆ ನಿಲ್ಲಿಸಿದ್ರಿ."

ಲಲಿತಾ ನನ್ನ ಮುಖವನ್ನೊಮ್ಮೆ ನೋಡಿದಳು. ಬೆರಳಿನಲ್ಲಿದ್ದ ಕುಂಕುಮವನ್ನು ಶಿವಣ್ಣನ ಕೋಲಿಗೆ ಇಟ್ಟಳು.

ಅವನು ರಿಪೇರಿ ಮುಗಿಸುವವರೆಗೂ ನಾನು ಅಡುಗೆಮನೆಯ ಬಾಗಿಲಾಚೆ ನಿಂತಿದ್ದೆ. ನಿಲ್ಲು ಎಂದು ಯಾರೂ ಹೇಳಿರಲಿಲ್ಲ!