ಸವಿತ ಓದಿದ ಬಸ್ಸಿನ ಬೋರ್ಡು

ಒಂದನೇ ತರಗತಿಗೆ ಪಾಠ ಹೇಳುವವರಿಗೆ ತಾಳ್ಮೆ ಇರಬೇಕು ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಹಾಗೆ ಉಪದೇಶ ಮಾಡುವವರು ಸಾಮಾನ್ಯವಾಗಿ ಹೈಸ್ಕೂಲಿಗೆ ಪಾಠ ಹೇಳುವವರಾಗಿರುತ್ತಾರೆ. ತೊಂಬತ್ತರ ದಶಕದಲ್ಲಿ ನಾನು ಹನುಮಂತನಗರದ ಒಂದು ಚಿಕ್ಕ ಶಾಲೆಯಲ್ಲಿ ಒಂದನೇ ತರಗತಿಯವರಿಗೆ ಕನ್ನಡ ಓದು ಬರಹ ಕಲಿಸುತ್ತಿದ್ದೆ. ದೇವರು ನನಗೆ ಕೊಟ್ಟಿದ್ದ ತಾಳ್ಮೆ ಪ್ರತಿ ಜೂನ್ ತಿಂಗಳಲ್ಲಿ 'ಈ' ಅಕ್ಷರದ ಹತ್ತಿರ ಬರುವಷ್ಟರಲ್ಲೇ ಮುಗಿದುಹೋಗುತ್ತಿತ್ತು. ಅಲ್ಲಿಂದ ಮಾರ್ಚ್‌ವರೆಗೆ ಬರೀ ಗಂಟಲಿನಿಂದಲೇ ಕಾಲ ತಳ್ಳಬೇಕಿತ್ತು. ನಲವತ್ತು ಮಕ್ಕಳು, ನಲವತ್ತು ಸ್ಲೇಟು. ಒಬ್ಬಳ 'ಣ' ಅವಳ ಸ್ಲೇಟಿನಲ್ಲಿ ಹಿಡಿಸದೆ ಪಕ್ಕದವಳ ಸ್ಲೇಟಿನಲ್ಲಿ ಮುಗಿಯುತ್ತಿತ್ತು. ಮನೆಗೆ ಹೋದ ಮೇಲೂ ಈ ಗೀಳು ಬಿಡುತ್ತಿರಲಿಲ್ಲ. ಒಂದು ಸಂಜೆ ಯಜಮಾನರು ಪೇಪರ್ ಓದುತ್ತಿದ್ದಾಗ ನಾನು ಅಡುಗೆಮನೆಯಿಂದ ಬಂದವಳೇ, "ಬೆರಳಿಟ್ಟು ಓದಿ" ಎಂದು ಗದರಿಸಿದೆ. ಪಾಪ, ಅವರು ಇಟ್ಟರು.

ಇಂಥ ಗಲಾಟೆಯಲ್ಲಿ ನನಗಿದ್ದ ಒಂದೇ ಸಮಾಧಾನ ಸವಿತ. ಎರಡು ಜಡೆಯ ಪುಟ್ಟ ಹುಡುಗಿ. ಪುಸ್ತಕ ತೆಗೆ ಎಂದರೆ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು, ತಡೆಯಿಲ್ಲದೆ ಓದುವಳು. ನನಗೆ ಗಂಟಲು ಕಟ್ಟಿದ ದಿನಗಳಲ್ಲಿ ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದೆ. ಅವಳು ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ಕೂಗುವುದು, ನಾನು ಕುರ್ಚಿಯಲ್ಲಿ ಕೂತು ಸ್ಲೇಟು ತಿದ್ದುವುದು. ನಮ್ಮ ಹೆಡ್‌ಮಿಸ್ ಕೂಡ ಬಾಗಿಲಲ್ಲಿ ನಿಂತು ಕೇಳಿ, "ಸಖತ್ತಾಗಿ ಓದ್ತಾರೆ ಕಣ್ರೀ ನಿಮ್ಮ ಮಕ್ಕಳು" ಎಂದಿದ್ದರು. ನಾನು ತಲೆ ತಗ್ಗಿಸಿ, ಎಲ್ಲಾ ನನ್ನ ಶ್ರಮ ಎಂಬ ಮುಖ ಮಾಡಿದ್ದೆ. ಸವಿತಳನ್ನು ದಿನಾ ಕರೆತರುತ್ತಿದ್ದವರು ಅವಳ ಅಜ್ಜಿ ಕೆಂಪಮ್ಮ. ಅವರಿಗೆ ಓದು ಬಾರದು. "ನಿಮ್ಮ ಮೊಮ್ಮಗಳು ಕ್ಲಾಸಿಗೇ ಚೆನ್ನಾಗಿ ಓದ್ತಾಳೆ" ಎಂದು ನಾನೇ ಒಂದು ದಿನ ಗೇಟಿನ ಹತ್ತಿರ ಹೇಳಿ ಅವರ ಕಣ್ಣಲ್ಲಿ ನೀರು ತರಿಸಿದ್ದೆ.

ನವೆಂಬರಿನ ಒಂದು ಸೋಮವಾರ ಬೆಳಗ್ಗೆ ಪ್ರಾರ್ಥನೆಯಾಗುವ ಮೊದಲೇ ಕೆಂಪಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ನೇರ ನನ್ನ ಕ್ಲಾಸಿಗೆ ಬಂದರು. ಮುಖ ಕೆಂಪಾಗಿತ್ತು.

"ಮಿಸ್, ಇವಳು ಓದ್ತಾಳೆ ಅಂತ ಹೇಳಿದ್ದು ನೀವೇ ತಾನೆ?"

"ಹೌದಮ್ಮ. ಯಾಕೆ?"

"ನಿನ್ನೆ ತಲಘಟ್ಟಪುರದಲ್ಲಿ ನಮ್ಮಣ್ಣನ ಮೊಮ್ಮಗಳ ಮದುವೆ. ಮಗ ಸೊಸೆ ಮುಂಚೇನೇ ಹೋದ್ರು. ಶನಿವಾರ ಇವಳಿಗೆ ನಿಮ್ಮ ಓದೋ ಪರೀಕ್ಷೆ ಇತ್ತಲ್ಲ, ಅದಕ್ಕೇಂತ ನಾವಿಬ್ರು ಉಳ್ಕೊಂಡ್ವಿ. ಬನಶಂಕರಿ ಬಸ್‌ಸ್ಟ್ಯಾಂಡಲ್ಲಿ ಯಾವಾಗ್ಲೂ ಯಾರನ್ನಾದ್ರೂ ಕೇಳ್ತಿದ್ದೆ. ನಿನ್ನೆ ಕೇಳ್ಲಿಲ್ಲ. ನಮ್ಮನೇಲೇ ಓದೋರಿರೋವಾಗ ಊರೋರನ್ನ ಯಾಕೆ ಕೇಳ್ಲಿ? ಓದವ್ವ ಅಂದೆ. ಬೋರ್ಡಿಗೆ ಬೆರಳು ತೋರ್ಸಿ ತಲಘಟ್ಟಪುರ ಅಂದ್ಲು. ಹತ್ತಿದ್ವಿ. ಆ ರಶ್ಶಲ್ಲಿ ಕಂಡಕ್ಟ್ರು ನಮ್ಮ ಹತ್ರ ಬರೋವಷ್ಟ್ರಲ್ಲಿ ಇನ್ನೊಂದು ದಿಕ್ಕಿನ ಬಿಟಿಎಂ ಲೇಔಟು!"

ಬಸ್ಸು ಬದಲಿಸಿ ತಲಘಟ್ಟಪುರ ಮುಟ್ಟುವಷ್ಟರಲ್ಲಿ ಧಾರೆ ಮುಗಿದು ಊಟದ ಕೊನೆಯ ಪಂಕ್ತಿ ಏಳುತ್ತಿತ್ತಂತೆ. ಅಣ್ಣ ಮುಖ ತಿರುಗಿಸಿಕೊಂಡು ಹೋದರಂತೆ. ಅದನ್ನು ಹೇಳುವಾಗ ಕೆಂಪಮ್ಮನ ದನಿ ಒಡೆಯಿತು. ನಾನು ಸವಿತಳ ಕಡೆ ತಿರುಗಿ, "ಯಾಕಮ್ಮ ಹಾಗೆ ಓದಿದೆ?" ಎಂದೆ.

"ಅಜ್ಜಿ ತಲಘಟ್ಟಪುರಕ್ಕೆ ಹೋಗ್ಬೇಕು ಅಂದಿದ್ರಲ್ಲ ಮಿಸ್, ಅದಕ್ಕೆ ಹಾಗೆ ಓದ್ದೆ."

ಅವಳ ದೃಷ್ಟಿಯಲ್ಲಿ ತಪ್ಪು ಮಾಡಿದ್ದು ಬಸ್ಸು.

ಪುಸ್ತಕ ತೆಗೆಸಿ ಓದು ಎಂದೆ. ಸರಾಗವಾಗಿ ಶುರು ಮಾಡಿದಳು. ಅರ್ಧದಲ್ಲಿ ನಾನು ಹಾಳೆ ಮಗುಚಿದೆ. ಹೊಸ ಹಾಳೆಯಲ್ಲಿ ಎತ್ತಿನಗಾಡಿಯ ಪಾಠ. ಅವಳ ಬೆರಳು ಎತ್ತುಗಳ ಕೆಳಗೆ ಓಡುತ್ತಿತ್ತು, ಬಾಯಿ ಮಾತ್ರ ಹಿಂದಿನ ಹಾಳೆಯ ಹೂವಿನ ತೋಟವನ್ನೇ ಹೇಳುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಉಳಿದವರನ್ನೂ ಒಬ್ಬೊಬ್ಬರಾಗಿ ಕರೆದೆ. ನಾಲ್ಕೈದು ಮಕ್ಕಳನ್ನು ಬಿಟ್ಟರೆ ಎಲ್ಲರದೂ ಅದೇ ಕಥೆ. ಇಡೀ ಕ್ಲಾಸು ಪುಸ್ತಕವನ್ನು ಬಾಯಿಪಾಠ ಮಾಡಿ ಕೂತಿತ್ತು. ಮಾಡಿಸಿದವಳು ಸವಿತ, ಸವಿತಳನ್ನು ಮುಂದೆ ನಿಲ್ಲಿಸಿದವಳು ನಾನು. ಹಿಂದಿನ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಕೆಂಪಮ್ಮ ಎದ್ದು, "ಇದು ಓದೋದಲ್ಲ ಮಿಸ್, ಭಜನೆ" ಎಂದು ಹೇಳಿ ಹೊರಟರು.

ಮತ್ತೆ 'ಅ'ದಿಂದ ಶುರು. ಹಳೇ ಮದುವೆ ಕಾಗದಗಳನ್ನು ಕತ್ತರಿಸಿ ಹಿಂಬದಿಯಲ್ಲಿ ಒಂದೊಂದು ಅಕ್ಷರ ಬರೆದು, ಕಲಸಿ, ಒಂದೊಂದಾಗಿ ತೋರಿಸತೊಡಗಿದೆ. ಸವಿತಳದು ಇಲ್ಲೂ ಒಂದು ಉಪಾಯ. ಚೀಟಿ ನೋಡುವುದು ಬಿಟ್ಟು ನನ್ನ ಮುಖ ನೋಡುವಳು. "ಗ" ಎಂದು ಹೇಳಿ ನನ್ನ ಹುಬ್ಬು ಮೇಲೇರಿದರೆ ತಕ್ಷಣ "ಅಲ್ಲ, ರ" ಎನ್ನುವಳು. ಹುಬ್ಬು ಇಳಿಯುವವರೆಗೂ ವರ್ಣಮಾಲೆಯೆಲ್ಲ ಮುಗಿಸುವಳು. ಕೊನೆಗೆ ನಾನು ಗೋಡೆಗೆ ಮುಖ ಮಾಡಿ ನಿಂತು, ಚೀಟಿಯನ್ನು ಬೆನ್ನ ಹಿಂದೆ ಹಿಡಿದು ಪಾಠ ಮಾಡಿದೆ. ಆ ಹೊತ್ತಿಗೇ ಹೆಡ್‌ಮಿಸ್ ಬಂದು, "ಏನ್ರೀ, ನಿಮಗೆ ನೀವೇ ಶಿಕ್ಷೆ ಕೊಟ್ಕೊಂಡಿದ್ದೀರಾ?" ಎಂದರು. ಹೌದೆನ್ನುವುದೇ ಸುಲಭವಾಗಿತ್ತು.

ಹೀಗೆ ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಸವಿತ ನಿನ್ನೆ ಕಲಿತದ್ದನ್ನು ಇವತ್ತು ಮರೆಯುವಳು, ನಾನು ರೇಗುವೆ, ಅವಳು ತುಟಿ ಊದಿಸುವಳು, ಮತ್ತೆ ನಾನೇ ರಮಿಸಬೇಕು. ಸಂಜೆ ಅರ್ಧ ಗಂಟೆ ಅವಳನ್ನು ಉಳಿಸಿಕೊಳ್ಳುತ್ತಿದ್ದೆ. ಅಷ್ಟೂ ಹೊತ್ತು ಕೆಂಪಮ್ಮ ಬಾಗಿಲ ಬಳಿ ಕೂತಿರುವರು, ನನ್ನೊಡನೆ ಮಾತಿಲ್ಲ. ಫೆಬ್ರವರಿಯ ಒಂದು ಸಂಜೆ ಬೇಸತ್ತು, ಪುಸ್ತಕದಲ್ಲಿ ಎಲ್ಲೂ ಇಲ್ಲದ ಪದವೊಂದನ್ನು ಕರಿಹಲಗೆಯ ಮೇಲೆ ಬರೆದು ಸುಮ್ಮನೆ ನಿಂತೆ. ಸವಿತ ಬಹಳ ಹೊತ್ತು ದಿಟ್ಟಿಸಿದಳು.

"ಬ... ಸ... ಳೆ." ಆಮೇಲೆ ಒಮ್ಮೆಲೇ ಕಿರುಚಿದಳು. "ಬಸಳೆ! ಅಜ್ಜಿ, ನಮ್ಮನೇಲಿ ಇವತ್ತು ಮಾಡಿದ್ಯಲ್ಲ, ಅದೇ ಸೊಪ್ಪು!"

ಕೆಂಪಮ್ಮ ಎದ್ದು ಬಂದು ಹಲಗೆಯನ್ನು ನೋಡಿದರು, ನನ್ನನ್ನು ನೋಡಿದರು. "ನಿಜವಾಗ್ಲೂ ಅದೇ ಬರ್ದಿದ್ದೀರಾ ಮಿಸ್?" ಎಂದು ಅನುಮಾನದಿಂದ ಕೇಳಿದರು. ಹೌದೆಂದಾಗ, ಮೂರು ತಿಂಗಳ ಮೇಲೆ ಮೊದಲ ಸಲ ನಕ್ಕರು.

ಅಲ್ಲಿಗೆ ಕಥೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮಾರ್ಚ್‌ನಲ್ಲಿ ಒಂದು ದಿನ ಕ್ಲಾಸಿನಲ್ಲೇ ಪ್ರಗತಿಪತ್ರಗಳಿಗೆ ಷರಾ ಬರೆಯುತ್ತ ಕೂತಿದ್ದೆ. ಸವಿತ ಓದು ಕಲಿಯಲು ತಡವಾದದ್ದಕ್ಕೆ ಏನಾದರೂ ಕಾರಣ ಬರೆಯಬೇಕಿತ್ತು. ನಿಜವಾದ ಕಾರಣ ಬರೆಯುವ ಧೈರ್ಯ ಯಾವ ಟೀಚರಿಗಿದೆ? ಎಲ್ಲರೂ ಬರೆಯುವುದನ್ನೇ ನಾನೂ ಬರೆದೆ. ಕಾಪಿ ಪುಸ್ತಕ ತೋರಿಸಲು ಮೇಜಿನಾಚೆ ಕಾಯುತ್ತಿದ್ದ ಸವಿತ ಕತ್ತು ವಾರೆ ಮಾಡಿ, ತಲೆಕೆಳಗಾಗಿದ್ದ ನನ್ನ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಮ...ನೆ...ಯ...ಲ್ಲಿ... ಗ...ಮ...ನ... ಸಾ...ಲ...ದು." ಓದಿ ಮುಗಿಸಿ ಹಣೆ ಗಂಟಿಕ್ಕಿದಳು. "ಅಜ್ಜಿ ದಿನಾ ಬಂದು ಕೂತ್ಕೊತಾರಲ್ಲ ಮಿಸ್?"

ಉಳಿದ ಮೂವತ್ತೊಂಬತ್ತು ಮಕ್ಕಳೂ ತಲೆಯೆತ್ತಿದರು. ನಾನು ಪೆನ್ನಿನಿಂದ ಆ ಸಾಲನ್ನು ಅಡ್ಡಡ್ಡ ಗೀಚಿದೆ.

"ಮಿಸ್, ಚಿತ್ತು ಮಾಡ್ಬಾರ್ದು" ಎಂದಳು ಸವಿತ, ಥೇಟ್ ನನ್ನದೇ ದನಿಯಲ್ಲಿ. ಉಳಿದ ಮಕ್ಕಳು ಅದನ್ನು ಒಕ್ಕೊರಲಿನಿಂದ ಕೂಗಿದರು.