ಬಚ್ಚಲುಮನೆಗೆ ಬಂದ ಕಾಫಿ ಗಿಡ

ಯಾರ ಮನೆಗೆ ಹೋದರೂ ನಾನು ಕೈಕಾಲು ತೊಳೆಯುವ ನೆಪದಲ್ಲಿ ಒಮ್ಮೆ ಬಚ್ಚಲುಮನೆಗೆ ಇಣುಕುತ್ತೇನೆ. ಇದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ಆದರೆ ಆ ಮನೆಯವರು ಒದ್ದೆ ಟವಲ್ಲನ್ನು ಎಲ್ಲಿ ಹಾಕುತ್ತಾರೆಂದು ತಿಳಿಯದೆ ಹೊರಟುಬಂದರೆ ಅವರು ಕೊಟ್ಟ ಉಪ್ಪಿಟ್ಟು ನನಗೆ ಅರಗುವುದಿಲ್ಲ. ಆಲೂರಿನಲ್ಲಿರುವ ನನ್ನ ಭಾಮೈದ ಹಳೆಯ ಸೈಕಲ್ಲಿನ ಹ್ಯಾಂಡಲ್ಲನ್ನೇ ಬಚ್ಚಲ ಗೋಡೆಗೆ ಹೂತು ಎರಡು ಕಡೆಗೂ ಟವಲ್ ನೇತುಹಾಕಿದ್ದಾನೆ. ಅದರ ಬೆಲ್ ಬಿಚ್ಚಿಲ್ಲ. ಸ್ನಾನ ಮುಗಿಸಿದವರು ಟ್ರಿಣ್ ಎನ್ನಿಸಿದರೆ ಮುಂದಿನವರು ಬಟ್ಟೆ ಹಿಡಿದು ಬಂದು ನಿಲ್ಲುತ್ತಾರೆ. ಅದನ್ನು ನೋಡಿದ ದಿನ ನನಗೆ ಅವನ ಮೇಲಿದ್ದ ಹಳೆಯ ಕೋಪವೆಲ್ಲ ಇಳಿದುಹೋಯಿತು.

ಈ ಕೆಟ್ಟ ಕುತೂಹಲ ಅಂಟಿದ್ದು ನಾನು ಬೆಳಗೋಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ಆಗಿದ್ದಾಗ. ನಮಗೆ ಕೊಟ್ಟಿದ್ದ ಮನೆಯ ಬಚ್ಚಲು ಎಷ್ಟು ಚಿಕ್ಕದೆಂದರೆ, ಒಳಗೆ ಹೋದವರು ತಿರುಗುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು. ಅರ್ಧ ಜಾಗ ನೀರೊಲೆಯದು. ಗೋಡೆಗೆ ಮೊಳೆ ಹೊಡೆದರೆ ಮೊಳೆಯ ಜೊತೆ ಅಂಗೈಯಗಲ ಮಣ್ಣೂ ಕಿತ್ತುಬರುತ್ತಿತ್ತು. ಹೀಗಾಗಿ ನನ್ನದು, ಹೆಂಡತಿ ಗಿರಿಜಳದು, ಅಮ್ಮನದು ಮೂರೂ ಟವಲ್ಲುಗಳು ಬಾಗಿಲ ಮೇಲೆ. ಬಾಗಿಲು ತೆಗೆದವರ ತಲೆಯ ಮೇಲೆ ಮೂರೂ ಒಟ್ಟಿಗೆ ಬೀಳುತ್ತಿದ್ದವು. ಪೂಜೆಗೆ ಹೊರಟ ಅಮ್ಮನ ಟವಲ್ಲಿಗೆ ನನ್ನದು ತಗುಲಿದರೆ ಅಮ್ಮ ಮತ್ತೆ ಸ್ನಾನ ಮಾಡುತ್ತಿದ್ದರು, ಮತ್ತೆ ಬಾಗಿಲು ತೆಗೆಯುತ್ತಿದ್ದರು.

ಅದು ಕಾಫಿಗೆ ಒಳ್ಳೆಯ ಬೆಲೆ ಬಂದ ಕಾಲ. ಎಸ್ಟೇಟಿನ ಸಾಹುಕಾರರು ಬಂಗಲೆಯ ಬಚ್ಚಲಿಗೆ ಟೈಲ್ಸ್ ಹಾಕಿಸಿ ಟವಲ್ಲಿಗೆಂದೇ ಸ್ಟೀಲಿನ ರಾಡ್ ಕೂರಿಸಿದ್ದರು. ಅರಿಶಿನ ಕುಂಕುಮಕ್ಕೆ ಹೋಗಿದ್ದ ಗಿರಿಜ ಅದನ್ನು ನೋಡಿಬಂದು, "ಅವ್ರ ಟವಲ್ಲಿಗೂ ಒಂದು ನೆಲೆ ಐತೆ ಕಣ್ರೀ. ನಮ್ಮವಕ್ಕೆ ಒಂದು ಗೂಟನಾದ್ರೂ ಬ್ಯಾಡ್ವಾ?" ಅಂದಳು. ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಮರೆತುಬಿಡುತ್ತಿದ್ದೆ. ಮೆಲ್ಲಗೆ ಕೇಳಿದ್ದರಿಂದ ಮನಸ್ಸಿಗೆ ನಾಟಿತು.

ಇಲ್ಲಿ ಬೋರರ್ ಬಗ್ಗೆ ಹೇಳಬೇಕು. ಅರೇಬಿಕಾ ಗಿಡದ ಕಾಂಡದೊಳಗೆ ಸೇರಿ ಕೊರೆಯುವ ಹುಳಕ್ಕೆ ಎಸ್ಟೇಟಿನಲ್ಲಿ ಹಾಗೆನ್ನುತ್ತಾರೆ. ಹುಳ ಹೊಕ್ಕ ಗಿಡದ ತೊಗಟೆ ಬಳೆ ತೊಡಿಸಿದಂತೆ ಉಬ್ಬಿರುತ್ತದೆ. ಅಂಥದ್ದನ್ನು ಹುಡುಕಿ, ಬುಡಸಮೇತ ಕಿತ್ತು ಸುಟ್ಟುಬಿಡಬೇಕು. ಇಲ್ಲದಿದ್ದರೆ ಹುಳಕ್ಕೆ ರೆಕ್ಕೆ ಬಂದು, ಹಾರಿಹೋಗಿ ಉಳಿದ ಗಿಡಗಳ ಮೇಲೆ ಮೊಟ್ಟೆಯಿಡುತ್ತದೆ. ಒಂದೂ ಬಿಡದೆ ಸುಡಿಸುವುದು ನನ್ನ ಕೆಲಸ, ಅದರಲ್ಲಿ ನಾನು ಮಹಾ ಕಟ್ಟುನಿಟ್ಟು. ಆಳುಗಳ ಸಾಲುಮನೆಯಲ್ಲಿದ್ದ, ಗಿಡ ಹುಡುಕುವುದರಲ್ಲಿ ಎತ್ತಿದ ಕೈಯಾಗಿದ್ದ ಕಾಳಮ್ಮ ಒಮ್ಮೆ, "ಇದೊಂದು ಕೊಡಿ ರೈಟ್ರೇ, ಲೈನ್ ಮನೇಲಿ ಬಟ್ಟೆ ನೇತಾಕಕ್ಕೆ ಆಯ್ತದೆ" ಎಂದು ಕೇಳಿದ್ದಳು. ನಾನು ಎಲ್ಲರೆದುರು ಭಾಷಣ ಬಿಗಿದು, ಅದನ್ನು ಅವಳ ಕೈಯಿಂದಲೇ ಬೆಂಕಿಗೆ ಹಾಕಿಸಿದ್ದೆ.

ಶಿವರಾತ್ರಿ ಕಳೆದ ಮೇಲೆ ಸುಡುವ ರಾಶಿಯಲ್ಲಿ ಒಂದು ಗಿಡ ಕಂಡಿತು. ಎದೆಯೆತ್ತರದ ಕಾಂಡ, ಸುತ್ತಲೂ ಆರು ಗಟ್ಟಿ ರೆಂಬೆ. ಗೋಡೆಯ ಹಂಗೇ ಬೇಡ! ನೀರೊಲೆಯ ಕಾವಿಗೆ ಒಳಗಿನ ಹುಳ ತಾನೇ ಸಾಯುತ್ತದೆ, ನಿಯಮವಿರುವುದು ತಿಳಿಯದವರಿಗೆ ಎಂದು ಸಮಾಧಾನ ಹೇಳಿಕೊಂಡು, ಗೋಣಿಚೀಲ ಹೊದಿಸಿ ಮನೆಗೆ ತಂದೆ. ತೊಗಟೆ ಸುಲಿದೆ, ಹಳೆಯ ಬಕೆಟ್ಟಿನಲ್ಲಿ ಸಿಮೆಂಟು ಕಲಸಿ ನಿಲ್ಲಿಸಿದೆ, ವಾರ್ನಿಷ್ ಬಳಿದೆ. ಮೇಲಿನ ರೆಂಬೆ ಅಮ್ಮನಿಗೆ, ನಡುವಿನದು ಗಿರಿಜಳಿಗೆ, ಕೆಳಗಿನದು ನನಗೆ. ಉಳಿದ ರೆಂಬೆಗಳ ಮೇಲೆ ಒಂದು ಹಲಗೆ ಕಟ್ಟಿದೆ, ಮಡಿಸಿದ ಟವಲ್ಲುಗಳಿಗೆ. ಗಿರಿಜ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. ಎಂಟು ವರ್ಷದ ಸಂಸಾರದಲ್ಲಿ ಅವಳು ಹಾಗೆ ನೋಡಿದ್ದು ಮೊದಲ ಸಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಕೊಳೆಯಿಲ್ಲದ ಕಾಲನ್ನೂ ಆಗಾಗ ಹೋಗಿ ತೊಳೆದು ಬರುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಗಿರಿಜ ಕರೆದಳು: "ಬನ್ರೀ ಇಲ್ಲಿ, ಈ ಹುಳ ನೋಡಿ, ಎಷ್ಟು ಚೆಂದಾಗೈತೆ!"

ಅಮ್ಮನ ಬಿಳಿ ಟವಲ್ಲಿನ ಮೇಲೆ ಉದ್ದ ಮೀಸೆಯ ಕಪ್ಪು ಹುಳ, ಬೆನ್ನ ಮೇಲೆ ಬಿಳಿ ಪಟ್ಟೆ. ಕಾಂಡದಲ್ಲಿ ಪೆನ್ಸಿಲ್ ತೂರುವಷ್ಟು ದುಂಡನೆಯ ತೂತು. ಪಕ್ಕದಲ್ಲೇ ಇನ್ನೊಂದು ತೂತು ಒಳಗಿನಿಂದ ತೆರೆದುಕೊಳ್ಳುತ್ತಿತ್ತು. ನಾನು ತಕ್ಷಣ ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಇಷ್ಟು ವರ್ಷ ಈ ಹುಳದ ಮೇಲೆ ಭಾಷಣ ಮಾಡಿದ ನಾನು, ಅದು ಹೊರಗೆ ಬರುವುದನ್ನು ಒಮ್ಮೆಯೂ ಕಂಡಿರಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಅದು ಮೊದಲು ಮೀಸೆ, ಆಮೇಲೆ ತಲೆ ಹೊರಹಾಕುವುದನ್ನು ಉಸಿರು ಬಿಗಿಹಿಡಿದು ನೋಡಿದೆ. ಅಷ್ಟರಲ್ಲಿ ಟವಲ್ಲಿನ ಮೇಲಿದ್ದದ್ದು ರೆಕ್ಕೆ ಬಿಚ್ಚಿ ಕಿಟಕಿಯಿಂದ ಹಾರಿಹೋಯಿತು. ಕಿಟಕಿಯಾಚೆ ಇದ್ದದ್ದು ಸಾಹುಕಾರರ ಅತ್ಯುತ್ತಮ ಅರೇಬಿಕಾ.

ಹಿಂದಿನಿಂದ ಯಾರೋ ಕೆಮ್ಮಿದರು. ಸ್ಟೋರಿನ ಬೀಗದಕೈ ಕೇಳಲು ಬಂದಿದ್ದ ಕಾಳಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಗಿಡ ನೋಡಿದಳು, ತೂತು ನೋಡಿದಳು, ಕೂತಿದ್ದ ನನ್ನನ್ನು ನೋಡಿದಳು.

"ಇದ್ನ ನೀವೇ ಹೊತ್ಕೊಂಡ್ ಬತ್ತೀರಾ ರೈಟ್ರೇ, ಇಲ್ಲ ನಾವು ಬಂದು ಎತ್ತಾನಾ?"

ಎರಡನೆಯ ಹುಳವನ್ನು ಚಪ್ಪಲಿಯಲ್ಲಿ ತೀರಿಸಿ, ನಾನೇ ಹೊತ್ತೆ. ಬಕೆಟ್ಟು, ಸಿಮೆಂಟು ಸಮೇತ, ಹಾಜರಿಗೆ ಸೇರಿದ್ದ ಅಷ್ಟೂ ಆಳುಗಳ ನಡುವೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ಅಷ್ಟು ನಾಚಿಕೆಯಾಯಿತು. ವಾರ್ನಿಷ್ ಇದ್ದದ್ದರಿಂದ ಗಿಡ ಚೆನ್ನಾಗಿಯೇ ಉರಿಯಿತು. ಆಮೇಲೆ ಕಾಳಮ್ಮ ನಮ್ಮ ಬಚ್ಚಲ ಹಿಂದಿನ ಒಂದೊಂದು ಗಿಡದ ತೊಗಟೆಯನ್ನೂ, ಹುಳ ಮೊಟ್ಟೆಯಿಟ್ಟಿದ್ದರೆ ಉದುರಲೆಂದು, ಗೋಣಿಯಿಂದ ಉಜ್ಜಿದಳು. ಆ ವರ್ಷವೆಲ್ಲ ಅಲ್ಲಿಗೆ ಹೋಗಿ ಹೋಗಿ ನೋಡಿಬಂದಳು. ಸಾಹುಕಾರರ ಕಿವಿಗೆ ಮಾತ್ರ ಒಂದು ಮಾತೂ ಹಾಕಲಿಲ್ಲ. ನನ್ನ ಕೆಲಸ ಉಳಿದದ್ದು ಅವಳಿಂದ.

ಆದರೆ ನಾನು ಆ ಎಸ್ಟೇಟ್ ಬಿಡುವವರೆಗೂ, ಹುಳ ಹಿಡಿದ ಗಿಡ ಕಿತ್ತಾಗಲೆಲ್ಲ ಅವಳು ಅದನ್ನು ನನ್ನೆದುರು ನೆಟ್ಟಗೆ ನಿಲ್ಲಿಸಿ, ರೆಂಬೆಗಳು ಕಾಣುವಂತೆ ಒಂದು ಸುತ್ತು ತಿರುಗಿಸಿ, ಬಹಳ ಮರ್ಯಾದೆಯಿಂದ ಕೇಳುತ್ತಿದ್ದಳು: "ಇದು ಬೆಂಕಿಗಾ ರೈಟ್ರೇ, ಬಚ್ಚಲಿಗಾ?"

ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ನಾನು ಬೆವರು ಒರೆಸುವವನಂತೆ ಟವಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ಅದು ದಿನವಿಡೀ ನನ್ನ ಹೆಗಲ ಮೇಲೇ ಇರುತ್ತಿತ್ತು. ಆ ಗಿಡ ಸುಟ್ಟ ದಿನದಿಂದ ಗಿರಿಜ ಅದಕ್ಕೆ ಬೇರೆಲ್ಲೂ ಜಾಗ ಕೊಟ್ಟಿರಲಿಲ್ಲ.